ಮಂಡ್ಯ–ಮೈಸೂರು ರೈಲಿನಲ್ಲಿ ಒಂದು ವರ್ಷ ಆಡಿಯೋ ಪುಸ್ತಕ ಕೇಳಿದ ಮೇಲೆ

ಕಾದಂಬರಿ ಓದಿ ಹೇಳುವ ಒಂದು ಆಪ್‌ಗೆ ಹೋದ ವರ್ಷ ಹಣ ಕಟ್ಟಿದೆ. ತಿಂಗಳ ಲೆಕ್ಕದಲ್ಲಿ ಎರಡು ಮಸಾಲೆ ದೋಸೆಯ ದುಡ್ಡು. ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸೀಟು ಸಿಗುವುದು ಅಪರೂಪ. ನಿಂತುಕೊಂಡು ಪುಸ್ತಕ ಬಿಡಿಸುವುದು ಆಗದ ಮಾತು.

ಇಯರ್‌ಫೋನ್ ಒಂದೇ ಕಿವಿಗೆ ಹಾಕುತ್ತೇನೆ. ಯಲಿಯೂರು ದಾಟುವವರೆಗೆ ಜೊತೆಯವರ ಹತ್ತಿರ ಮಾತು, ಆಮೇಲೆ ಕತೆ. ಶ್ರೀರಂಗಪಟ್ಟಣ ಬರುವ ಮುಂಚೆ ಕಾವೇರಿ ಸೇತುವೆ ಮೇಲೆ ರೈಲಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ಅಲ್ಲಿ ಕತೆ ನಿಲ್ಲಿಸಿ ನದಿ ನೋಡುತ್ತೇನೆ. ಊರು ದಾಟಿದ ಮೇಲೆ ಹೊಳೆಯ ಇನ್ನೊಂದು ಕವಲು, ಅಲ್ಲೂ ಹಾಗೆಯೇ. ಈಗ ಇದು ಎಷ್ಟು ರೂಢಿಯಾಗಿದೆ ಅಂದರೆ, ರಜದ ದಿನ ಮನೆಯಲ್ಲಿ ಕೇಳಿದರೆ ಏನೋ ಕಮ್ಮಿ ಅನಿಸುತ್ತದೆ.

ಮೊದಲು ಕೇಳಿದ್ದು ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ, ಕಾಲೇಜಿನಲ್ಲಿ ಓದಿದ್ದೆ. ಕತೆಯಲ್ಲಿ ಅವರು ಹುಡುಕುವ ಹಾರುವ ಓತಿ ಸಿಗುತ್ತದೋ ಇಲ್ಲವೋ ಅನ್ನುವ ಆತುರದಲ್ಲಿ ಆಗ ಪುಟ ಹಾರಿಸಿದ್ದೆ. ಕಿವಿಗೆ ಆ ಆತುರ ನಡೆಯುವುದಿಲ್ಲ, ಅಲ್ವಾ? ಮಂದಣ್ಣ, ಜೇನು ಸೊಸೈಟಿ, ‘ಕಿವಿ’ ಅನ್ನುವ ನಾಯಿ, ಎಲ್ಲ ನಿಧಾನವಾಗಿ ಬಂದವು. ಓದಿದವರು ನಗುವ ಜಾಗದಲ್ಲಿ ಸುಮ್ನೆ ಒಂದು ಉಸಿರು ನಿಲ್ಲಿಸುತ್ತಾರೆ, ಅಷ್ಟೇ. ನಾಗನಹಳ್ಳಿ ಹತ್ತಿರ ಜೋರಾಗಿ ನಕ್ಕುಬಿಟ್ಟೆ.

ಆಮೇಲೆ ತ್ರಿವೇಣಿಯವರ ‘ಶರಪಂಜರ’ ಹಾಕಿದೆ. ಬೇಜಾರು ಇಲ್ಲಿಂದ ಶುರು.

ಓದಿದ ಹೆಣ್ಣುಮಗಳ ಧ್ವನಿ ಬಹಳ ಚೆನ್ನಾಗಿದೆ. ಆದರೆ ಹಿಂದೆ ಸಂಗೀತ ಹಾಕಿದ್ದಾರೆ. ಕತೆಯ ನಾಯಕಿ ಕಾವೇರಿ, ಮಾನಸಿಕ ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಸಾಮಾನ್ಯ ಮಾತನ್ನೇ ಆಡುತ್ತಾಳೆ. ಆಗಲೂ ಪಿಟೀಲು ದೆವ್ವದ ಸಿನಿಮಾದ ಹಾಗೆ ಕುಯ್ಯುತ್ತಲೇ ಇರುತ್ತದೆ. ಅವಳು ವಾಸಿಯಾಗಿದ್ದಾಳೆ ಅಂತ ಸುತ್ತಲಿನವರು ನಂಬುವುದಿಲ್ಲ. ಅದೇ ತಾನೇ ಆ ಕಾದಂಬರಿಯ ಸಂಕಟ? ಆ ಪಿಟೀಲೂ ಅವರ ಜೊತೆ ಸೇರಿಕೊಂಡು ಅವಳನ್ನು ಅನುಮಾನದಿಂದಲೇ ನೋಡುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅವಳನ್ನು ಅಷ್ಟು ಜೋಪಾನವಾಗಿ ಬರೆದಿದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬಂತು. ಸಂಗೀತ ತೆಗೆದು ಬರೀ ಧ್ವನಿ ಕೇಳುವ ದಾರಿ ಆಪ್‌ನಲ್ಲಿ ಇಲ್ಲ. ಎರಡು ಸಲ ಬರೆದು ಕೇಳಿದೆ, ಉತ್ತರ ಬಂದಿಲ್ಲ.

ಒಂದು ಭಾನುವಾರ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಅವರಿಗೆ ಓದು ನಿಂತಿದೆ. ‘ಶರಪಂಜರ’ದ 1971ರ ಸಿನಿಮಾ ನೋಡಿದವರು, ಕತೆ ಗೊತ್ತು. ಸ್ಪೀಕರ್‌ಗೆ ಹಾಕಿದೆ. ಹತ್ತು ನಿಮಿಷ ಕೇಳಿ, “ಆ ಪಿಟೀಲು ನಿಲ್ಸು ಮಗ, ಅವ್ಳ್ ಮಾತು ಕೇಳ್ಬೇಕು” ಅಂದರು.

ಮಾರನೇ ದಿನ ಮೈಸೂರಿನಲ್ಲಿ ಪುಸ್ತಕ ಕೊಂಡೆ. ತ್ರಿವೇಣಿ ಬಾಳಿದ ಊರು. ಅವರು ತೀರಿಕೊಂಡಿದ್ದು 1963ರಲ್ಲಿ, ಪುಸ್ತಕ ಇನ್ನೂ ಸಿಗುತ್ತದೆ. ಊಟ ಆದ ಮೇಲೆ ದಿನಾ ಒಂದು ಅಧ್ಯಾಯ ನಾನೇ ಓದುತ್ತೇನೆ. ನನ್ನ ಧ್ವನಿ ಆ ಹೆಣ್ಣುಮಗಳದ್ದರಷ್ಟು ಚೆನ್ನಾಗಿಲ್ಲ. ಅಮ್ಮನಿಗೆ ಅದು ಲೆಕ್ಕವಿಲ್ಲ.

ಆಪ್‌ಗೆ ಮತ್ತೆ ಹಣ ಕಟ್ಟಿದ್ದೇನೆ, ‘ಕರ್ವಾಲೊ’ ಓದಿದವರಿಗಾಗಿ. ಆದರೆ ಈಗ ಯಾವ ಪುಸ್ತಕಕ್ಕೂ ಮೊದಲು ಐದು ನಿಮಿಷ ಕೇಳುತ್ತೇನೆ. ಸಂಗೀತ ಶುರುವಾದರೆ ಮುಂದಕ್ಕೆ ಹೋಗುವುದಿಲ್ಲ.