ರೋಲ್ಯಾಂಡ್ ಟಿಆರ್-8ಎಸ್: ಸ್ನೇರ್ ಒಂದನ್ನೇ ಹಿಡಿದು ಒಂದು ವಿಮರ್ಶೆ

ಟಿಆರ್-8ಎಸ್ ಎಂಬ ಈ ಡ್ರಮ್ ಯಂತ್ರದಲ್ಲಿ ರೋಲ್ಯಾಂಡ್‌ನದೇ ಹಳೆಯ ಯಂತ್ರವಾದ 909ರ ಸ್ನೇರ್ (ಕೆಳಗೆ ತಂತಿ ಬಿಗಿದ ಡ್ರಮ್ಮಿನ ಸದ್ದು) ಆರಿಸಿ ಹಾಗೇ ಬಾರಿಸಿದರೆ ಸದ್ದು ಚೆನ್ನಾಗಿಯೇ ಇರುತ್ತದೆ. ಆದರೆ ಕಿಕ್ (ದಪ್ಪ ಡ್ರಮ್), ಬಾಸ್, ಹೈಹ್ಯಾಟ್ (ಜೋಡಿ ತಾಳ) ಜೊತೆಗೂಡಿದ ಕೂಡಲೇ ತೆಳ್ಳಗಾಗಿ ಹಿಂದೆ ಸರಿಯುತ್ತದೆ. ಆಗ ಹೆಚ್ಚಿನವರು ಸ್ನ್ಯಾಪಿ, ಅಂದರೆ ತಂತಿಯ ಸದ್ದಿನ ಪಾಲು, ಏರಿಸುತ್ತಾರೆ. ಆ ಸುಯ್ಯೆನ್ನುವ ಸದ್ದು ಹೈಹ್ಯಾಟ್ ಇರುವ ಜಾಗಕ್ಕೇ ಹೋಗಿ ಸೇರುವುದರಿಂದ ಎರಡೂ ಕೆಡುತ್ತವೆ.

ಸ್ನೇರ್ ಏಟಿನಲ್ಲಿ ಮೂರು ಸದ್ದುಗಳಿವೆ: ಕಡ್ಡಿ ತಾಗುವ ‘ಟಕ್’, ಚರ್ಮದ ನಾದ, ಕೆಳಗಿನ ತಂತಿಗಳ ‘ಝರ್’. ರೋಲ್ಯಾಂಡ್‌ನ 1980ರ ಯಂತ್ರ 808ರಲ್ಲಿ ಎರಡು ಅನುರಣನ ಸರ್ಕ್ಯೂಟುಗಳು ನಾದ ಕೊಡುತ್ತವೆ. ಟೋನ್ ನಾಬ್ ಅವುಗಳ ಪಾಲು ಹೆಚ್ಚು ಕಡಿಮೆ ಮಾಡುತ್ತದೆ, ಸ್ನ್ಯಾಪಿ ನಾಯ್ಸ್ (ಸುಯ್ಯೆನ್ನುವ ಸದ್ದು) ಬೆರೆಸುತ್ತದೆ. 1983ರ 909ರಲ್ಲಿ ನಾದದ ಸ್ಥಾಯಿ ಏಟು ಬಿದ್ದ ಕ್ಷಣ ಮೇಲಿದ್ದು ಸರ್ರನೆ ಕೆಳಗಿಳಿಯುತ್ತದೆ. ಅದಕ್ಕೇ ಅದರ ಏಟು ಗಟ್ಟಿ. ಮೂಲ 808ರ ಸ್ನೇರ್‌ಗೆ ಟ್ಯೂನ್ (ಶ್ರುತಿ) ನಾಬ್ ಆಗಲಿ ಡಿಕೇ (ಸದ್ದು ಎಷ್ಟು ಹೊತ್ತು ಉಳಿಯಬೇಕು ಅನ್ನುವುದು) ನಾಬ್ ಆಗಲಿ ಇರಲಿಲ್ಲ. 2018ರಲ್ಲಿ ಬಂದ ಟಿಆರ್-8ಎಸ್‌ನಲ್ಲಿ ಎರಡೂ ಕೈಗೆ ಸಿಗುತ್ತವೆ, ನಮ್ಮ ಮಟ್ಟಿಗೆ ಇದರ ದೊಡ್ಡ ಲಾಭವೇ ಅದು.

ತಾಳದ 16 ಸ್ಟೆಪ್‌ಗಳಲ್ಲಿ (ಒಂದು ಬೀಟಿಗೆ ನಾಲ್ಕು) 5 ಮತ್ತು 13ನೇದಕ್ಕೆ ಸ್ನೇರ್ ಹಾಕಿ. ಕಂಟ್ರೋಲ್ ನಾಬ್‌ಗೆ ಸ್ನ್ಯಾಪಿ ಕೊಟ್ಟು ಪೂರ್ತಿ ಇಳಿಸಿ. ನಾದ ಮಾತ್ರ ಉಳಿಯಲಿ. ಹಾಡಿನ ಶ್ರುತಿ ಸಿ ಆಗಿದ್ದರೆ ಪಂಚಮ 196 ಹರ್ಟ್ಸ್. ಟ್ಯೂನ್ ನಾಬನ್ನು ಅದರ ಹತ್ತಿರ ತನ್ನಿ. ಚಿಕ್ಕ ಏಟಿನಲ್ಲಿ ಶ್ರುತಿ ಕಿವಿಗೂ ಸಿಗದು, ಟ್ಯೂನರ್‌ಗೂ ಸಿಗದು. ಅದಕ್ಕಾಗಿ ಶ್ರುತಿ ಕೂಡಿಸುವಷ್ಟು ಹೊತ್ತು ಡಿಕೇ ಉದ್ದ ಇಟ್ಟುಕೊಂಡು, ಆಮೇಲೆ ಮೊಟಕು ಮಾಡಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಒಂದು ಸ್ಟೆಪ್ ಅಂದರೆ 125 ಮಿಲಿಸೆಕೆಂಡ್. ಸ್ನೇರ್‌ನ ಬಾಲ ಒಂದೂವರೆ ಸ್ಟೆಪ್ಪಿನೊಳಗೆ ಅಡಗಿದರೆ ಮುಂದಿನ ಕಿಕ್‌ಗೆ ಜಾಗ ಉಳಿಯುತ್ತದೆ. ಸ್ನ್ಯಾಪಿಯನ್ನು ಕೊನೆಯಲ್ಲಿ, ಹೈಹ್ಯಾಟ್ ಓಡುತ್ತಿರುವಾಗಲೇ ಏರಿಸಿ. ‘ಝರ್’ ಸ್ಪಷ್ಟವಾಗಿ ಕೇಳಿಸಿದ ಜಾಗದಿಂದ ಕೂದಲೆಳೆಯಷ್ಟು ಹಿಂದಕ್ಕೆ ಬನ್ನಿ.

ಇನ್ನು ‘ಟಕ್’. ಇದನ್ನು ಸ್ನೇರ್ ಟ್ರ್ಯಾಕಿನಲ್ಲೇ ಹಿಂಡಿ ತೆಗೆಯಲು ಹೋಗಬೇಡಿ. ರಿಮ್‌ಶಾಟ್ (ಡ್ರಮ್ಮಿನ ಅಂಚಿನ ಏಟು) ಟ್ರ್ಯಾಕಿಗೆ ಅದೇ ಎರಡು ಸ್ಟೆಪ್ ಕೊಟ್ಟು, ಫೇಡರ್ (ಸದ್ದಿನ ಮಟ್ಟದ ಜಾರುಗುಂಡಿ) ಮೂರನೇ ಒಂದು ಭಾಗದಷ್ಟು ಮಾತ್ರ ಎತ್ತಿ. ಎಸ್‌ಡಿ ಕಾರ್ಡ್‌ನಿಂದ ಸ್ವಂತ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದು) ಹಾಕಿಕೊಳ್ಳುವ ಅನುಕೂಲವೂ ಇದೆ. ತಮಟೆಗೆ ತೆಳು ಕಡ್ಡಿಯಿಂದ ಬೀಳುವ ಚುರುಕಾದ ಏಟನ್ನು ರೆಕಾರ್ಡ್ ಮಾಡಿ ಇಲ್ಲಿ ಕೂರಿಸಿದರೆ ಯಾವ ರೆಡಿಮೇಡ್ ಕಿಟ್‌ನಲ್ಲೂ ಸಿಗದ ಮೊನೆ ಬರುತ್ತದೆ. ಸ್ಯಾಂಪಲ್ಲಿನ ತಲೆಯಲ್ಲಿರುವ ಮೌನವನ್ನು ಕತ್ತರಿಸಲು ಮಾತ್ರ ಮರೆಯಬೇಡಿ. ಹತ್ತಿಪ್ಪತ್ತು ಮಿಲಿಸೆಕೆಂಡ್ ಉಳಿದರೂ ಏಟು ಎರಡಾಗಿ ಒಡೆಯುತ್ತದೆ.

ಪದರ ಸೇರಿಸಿದ ಮೇಲೆ ಸ್ನೇರ್ ಇನ್ನೂ ಸಣ್ಣದಾಯಿತು ಅನ್ನಿಸಿದರೆ ಫೇಸ್ (ಎರಡು ಅಲೆಗಳ ಏರಿಳಿತ ಹೊಂದದಿರುವುದು) ಕಾರಣ ಇರಬಹುದು. ಎರಡು ಪದರಗಳಲ್ಲೂ 200 ಹರ್ಟ್ಸ್ ಆಸುಪಾಸಿನ ನಾದ ಇದ್ದರೆ ಒಂದನ್ನೊಂದು ಕಳೆದುಬಿಡಬಹುದು. ಮೇಲಿನ ಪದರಕ್ಕೆ (‘ಟಕ್’ ಕೊಡುವ ರಿಮ್‌ಶಾಟ್ ಅಥವಾ ಸ್ಯಾಂಪಲ್) ಇನ್‌ಸ್ಟ್ ಎಫೆಕ್ಟ್‌ನಲ್ಲಿ (ಆ ಒಂದು ಟ್ರ್ಯಾಕಿಗಷ್ಟೇ ಹತ್ತುವ ಎಫೆಕ್ಟ್) ಹೈಪಾಸ್ ಫಿಲ್ಟರ್ ಹಾಕಿ ಸುಮಾರು 1 ಕಿಲೋಹರ್ಟ್ಸ್ ಕೆಳಗಿನದನ್ನು ತೆಗೆದುಬಿಡಿ. ಸ್ನೇರ್ ಟ್ರ್ಯಾಕಿಗೆ ಟ್ರಾನ್ಸಿಯೆಂಟ್ (ಏಟಿನ ಮೊನೆ ತಿದ್ದುವ ಎಫೆಕ್ಟ್) ಒಪ್ಪುತ್ತದೆ. ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಎಫೆಕ್ಟ್) ಹಾಕುವುದಾದರೆ ಅಟ್ಯಾಕ್, ಅಂದರೆ ಅದು ಹಿಡಿಯುವ ವೇಗ, ನಿಧಾನವಾಗಿರಲಿ, ಇಲ್ಲದಿದ್ದರೆ ಕಷ್ಟಪಟ್ಟು ತಂದ ‘ಟಕ್’ ಚಪ್ಪಟೆಯಾಗುತ್ತದೆ.

ಕೊರತೆ ಇಲ್ಲೇ ಇದೆ: ಒಂದು ಟ್ರ್ಯಾಕಿಗೆ ಒಂದೇ ಇನ್‌ಸ್ಟ್ ಎಫೆಕ್ಟ್. ಫಿಲ್ಟರ್ ಬಳಸಿದ ಟ್ರ್ಯಾಕಿಗೆ ಡ್ರೈವ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಸಿಗದು. ಬೇಕಾದ ಟ್ರ್ಯಾಕನ್ನು ಬೇರೆಯಾಗಿ ಹೊರಕಳಿಸುವ ಆರು ಅಸೈನಬಲ್ ಔಟ್‌ಪುಟ್‌ಗಳಿರುವುದರಿಂದ ಸ್ನೇರ್ ಒಂದನ್ನೇ ಹೊರತೆಗೆದು ಮಿಕ್ಸರ್‌ನಲ್ಲಿ ತಿದ್ದಬಹುದು, ಆದರೆ ವೇದಿಕೆಗೆ ಬರೀ ಈ ಯಂತ್ರ ಹೊತ್ತುಕೊಂಡು ಹೋಗುವವರಿಗೆ ಆ ಮಾತು ನೆರವಾಗದು.

ಹಣ ಉಳಿಸಲು ತಮ್ಮನಾದ ಟಿಆರ್-6ಎಸ್ ನೋಡುತ್ತಿರುವವರು ಒಂದು ಲೆಕ್ಕ ಹಾಕಿಕೊಳ್ಳಿ. ಅದರಲ್ಲಿರುವುದು ಆರೇ ಟ್ರ್ಯಾಕು. ಸ್ನೇರ್‌ಗೆ ಎರಡು ಹೋದರೆ ಕಿಕ್, ಹ್ಯಾಟ್, ಮಿಕ್ಕಿದ್ದಕ್ಕೆಲ್ಲ ನಾಲ್ಕೇ. 8ಎಸ್‌ನ ಹನ್ನೊಂದು ಟ್ರ್ಯಾಕುಗಳಲ್ಲಿ ಮೂರನ್ನು ಸ್ನೇರ್‌ಗೇ ಕೊಟ್ಟರೂ ಕೈ ಕಟ್ಟಿಹಾಕಿದಂತಾಗದು.