ಪ್ರಾಚೀನ ಗ್ರೀಕ್ ಭಾಷೆಯನ್ನು ಕಲ್ಲಿನ ಮೇಲೆ ಓದಲು: ಅಥೆನ್ಸ್‌ನ ಶಾಸನ ವಸ್ತುಸಂಗ್ರಹಾಲಯ

ಅಥೆನ್ಸ್‌ಗೆ ಹೋದವರು ಅಕ್ರೊಪೊಲಿಸ್ ಹತ್ತುತ್ತಾರೆ, ಅದರ ತಪ್ಪಲಿನಲ್ಲಿ 2009ರಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ನೋಡುತ್ತಾರೆ, ಸಮಯ ಮಿಕ್ಕರೆ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಹೋಗಿ ಬರುತ್ತಾರೆ. ಆ ದೊಡ್ಡ ಕಟ್ಟಡದ ದಕ್ಷಿಣ ಪಾರ್ಶ್ವದಲ್ಲಿ, ತೊಸಿತ್ಸಾ ಬೀದಿಯ ಕಡೆಗೆ ಬಾಗಿಲಿರುವ ಇನ್ನೊಂದು ಸಂಸ್ಥೆ ಇದೆ ಎಂಬುದು ಅವರಲ್ಲಿ ಬಹುಪಾಲು ಮಂದಿಯ ಗಮನಕ್ಕೆ ಬರುವುದಿಲ್ಲ. 1885ರಲ್ಲಿ ಸ್ಥಾಪನೆಯಾದ ಶಾಸನ ವಸ್ತುಸಂಗ್ರಹಾಲಯ ಅದು. ಅಲ್ಲಿರುವ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಶಾಸನಗಳಲ್ಲಿ ಬಹುತೇಕ ಎಲ್ಲವೂ ಗ್ರೀಕ್ ಭಾಷೆಯವು. ಗ್ರೀಕ್ ಸಂಸ್ಕೃತಿಯನ್ನೂ ಆ ಭಾಷೆಯ ಪರಂಪರೆಯನ್ನೂ ಜನರಿಗೆ ತಲುಪಿಸಲು ಇಂದು ನಡೆಯುತ್ತಿರುವ ಪ್ರಯತ್ನಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ತೋರಿಸುವುದು ಈ ಬಾಗಿಲನ್ನೇ.

ಹಾಗೆ ಹೇಳಲು ಕಾರಣವಿದೆ. ಹೋಮರನ ಕಾವ್ಯವಾಗಲಿ, ಸಾಫಕ್ಲೀಸನ ನಾಟಕವಾಗಲಿ, ನಮ್ಮ ಕೈಗೆ ಬಂದಿರುವುದು ತಲೆಮಾರುಗಳ ಕಾಲ ಪ್ರತಿ ಮಾಡಿದವರ ಮೂಲಕ. ಇಲಿಯಡ್‌ನ ಸಂಪೂರ್ಣ ಹಸ್ತಪ್ರತಿಗಳಲ್ಲಿ ಅತ್ಯಂತ ಪ್ರಸಿದ್ಧವಾದ, ವೆನಿಸ್‌ನಲ್ಲಿರುವ ಪ್ರತಿಯೇ ಕ್ರಿ.ಶ. 10ನೆಯ ಶತಮಾನದ್ದು. ಪ್ರತಿಕಾರರು ಕಾಗುಣಿತವನ್ನು ತಿದ್ದಿದರು, ಪದಗಳ ನಡುವೆ ಬಿಡುವು ಕೊಟ್ಟರು, ಉಚ್ಚಾರದ ಏರಿಳಿತ ಸೂಚಿಸುವ ಸ್ವರಚಿಹ್ನೆಗಳನ್ನು ಇಟ್ಟರು. ಅವರ ಆ ಶ್ರಮವಿಲ್ಲದಿದ್ದರೆ ಸಾಹಿತ್ಯವೇ ಉಳಿಯುತ್ತಿರಲಿಲ್ಲ, ನಿಜ. ಆದರೆ ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್‌ನವನೊಬ್ಬ ತನ್ನ ಭಾಷೆಯನ್ನು ಹೇಗೆ ಬರೆದನೋ ಹಾಗೆಯೇ ನೋಡಬೇಕೆಂದರೆ, ಮಧ್ಯವರ್ತಿಗಳಿಲ್ಲದ ಬರಹ ಬೇಕು. ಆ ಬರಹ ಇಲ್ಲಿದೆ. ಉಳಿ ಹಿಡಿದ ಕೈ ಕೊರೆದ ಅಕ್ಷರವೇ ಓದುಗನ ಕಣ್ಣೆದುರಿಗೆ ನಿಂತಿರುತ್ತದೆ.

ಅತ್ಯಂತ ಹಳೆಯ ಕಲ್ಲುಗಳಿಂದ ನೋಡಲು ತೊಡಗುವುದು ಒಳ್ಳೆಯದು. ಗ್ರೀಕರು ಫಿನೀಷಿಯನ್ನರಿಂದ ಲಿಪಿಯನ್ನು ಪಡೆದ ಮೇಲಿನ ಮೊದಲ ಕೆಲವು ಶತಮಾನಗಳಲ್ಲಿ ಬರಹದ ದಿಕ್ಕು ಇನ್ನೂ ನಿಶ್ಚಿತವಾಗಿರಲಿಲ್ಲ. ಕೆಲವು ಸಾಲುಗಳು ಬಲದಿಂದ ಎಡಕ್ಕೆ ಹೋಗುತ್ತವೆ. ಕೆಲವು ಕಲ್ಲುಗಳಲ್ಲಿ, ಉಳುವವನು ಹೊಲದ ಅಂಚಿನಲ್ಲಿ ನೇಗಿಲನ್ನು ತಿರುಗಿಸಿಕೊಂಡು ಬರುವಂತೆ, ಒಂದು ಸಾಲು ಎಡಕ್ಕೂ ಮುಂದಿನದು ಬಲಕ್ಕೂ ಸಾಗುತ್ತದೆ, ಅದರ ಜೊತೆಗೆ ಅಕ್ಷರಗಳೂ ಮುಖ ತಿರುಗಿಸುತ್ತವೆ. ಅಥೆನ್ಸ್‌ನ ಪ್ರಜಾಸಭೆಯ ನಿರ್ಣಯಗಳಲ್ಲಿ ಕಲ್ಲಿನ ಮೇಲೆ ಉಳಿದಿರುವ ಅತ್ಯಂತ ಹಳೆಯದು ಸಲಮಿಸ್ ದ್ವೀಪದಲ್ಲಿ ನೆಲೆಸಿದವರನ್ನು ಕುರಿತದ್ದು. ಕ್ರಿ.ಪೂ. 510ರಿಂದ 500ರ ನಡುವಿನದೆಂದು ವಿದ್ವಾಂಸರು ಎಣಿಸುವ ಈ ನಿರ್ಣಯ, ಅಲ್ಲಿಯ ನಿವಾಸಿಗಳು ಅಥೆನ್ಸ್‌ನವರಂತೆಯೇ ತೆರಿಗೆ ಕೊಡಬೇಕು, ಸೇನೆಯಲ್ಲಿ ಸೇವೆ ಸಲ್ಲಿಸಬೇಕು, ಮೂವತ್ತು ದ್ರಾಕ್ಮಾ (ಆಗಿನ ಬೆಳ್ಳಿ ನಾಣ್ಯ) ಬೆಲೆಯ ಆಯುಧಗಳನ್ನು ತಾವೇ ಒದಗಿಸಿಕೊಳ್ಳಬೇಕು ಎಂದು ವಿಧಿಸುತ್ತದೆ. ಅದರ ಒಡೆದ ತುಣುಕುಗಳು ಈ ಸಂಗ್ರಹದಲ್ಲಿವೆ. ಪ್ರಜಾಪ್ರಭುತ್ವ ಹುಟ್ಟಿದ ಕಾಲದ ಮಾತು ಆಯುಧದ ಬೆಲೆಯನ್ನು ಕುರಿತು ಇಷ್ಟು ನೇರವಾಗಿ ಶುರುವಾಗುವುದು ನನಗೆ ಬಹಳ ಹಿಡಿಸಿತು.

5ನೆಯ ಶತಮಾನದ ಕಲ್ಲುಗಳ ಮುಂದೆ ನಿಂತಾಗ, ಪುಸ್ತಕದಿಂದ ಗ್ರೀಕ್ ಕಲಿತವರಿಗೂ ಒಂದು ಕ್ಷಣ ತಡವರಿಕೆ ಆಗುತ್ತದೆ. ಪಠ್ಯಪುಸ್ತಕದ 24 ಅಕ್ಷರಗಳ ವರ್ಣಮಾಲೆ ಅಲ್ಲಿರುವುದಿಲ್ಲ. ಆಗಿನ ಅಥೆನ್ಸ್‌ನ ಲಿಪಿಯಲ್ಲಿ ದೀರ್ಘ ಎಕಾರಕ್ಕೂ ದೀರ್ಘ ಒಕಾರಕ್ಕೂ ಪ್ರತ್ಯೇಕ ಅಕ್ಷರಗಳಿರಲಿಲ್ಲ; ಈಗ ಈಟಾ ಎಂದು ಓದುವ ಗುರುತು ಆಗ ಹಕಾರದ ಗುರುತಾಗಿತ್ತು; ಕ್ಸಿ ಮತ್ತು ಪ್ಸಿ ಅಕ್ಷರಗಳ ಬದಲು ಎರಡೆರಡು ಅಕ್ಷರಗಳನ್ನು ಜೋಡಿಸಿ ಬರೆಯುತ್ತಿದ್ದರು. ಸ್ಪಾರ್ಟಾದ ವಿರುದ್ಧದ ಪೆಲೊಪೊನೀಸ್ ಯುದ್ಧದಲ್ಲಿ ಸೋತು, ಪ್ರಜಾಪ್ರಭುತ್ವವನ್ನು ಮರಳಿ ಪಡೆದ ಕ್ರಿ.ಪೂ. 403–402ರಲ್ಲಿ ಅಥೆನ್ಸ್ ಅಯೋನಿಯದ ವರ್ಣಮಾಲೆಯನ್ನು ಅಧಿಕೃತವಾಗಿ ಸ್ವೀಕರಿಸಿತು. ಇಂದಿನ ಗ್ರೀಕರು ಬರೆಯುವುದೂ ಅದನ್ನೇ. ಆ ವರ್ಷದ ಆಚೆಗಿನ ಒಂದು ಕಲ್ಲು, ಈಚೆಗಿನ ಒಂದು ಕಲ್ಲು ಎರಡನ್ನೂ ಹತ್ತಿರದಲ್ಲಿ ನೋಡಿದವರಿಗೆ ಲಿಪಿಸುಧಾರಣೆ ಎಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸೊಗಸು ಅಕ್ಷರಗಳ ಜೋಡಣೆಯದು. ಆ ಕಾಲದ ನಿರ್ಣಯಗಳಲ್ಲಿ ಅನೇಕವನ್ನು ಚೌಕುಳಿಯಂತೆ ಕೆತ್ತಿದ್ದಾರೆ: ಪ್ರತಿ ಅಕ್ಷರವೂ ಮೇಲಿನ ಸಾಲಿನ ಅಕ್ಷರದ ನೇರ ಕೆಳಗೆ ಬರುತ್ತದೆ, ಪದಗಳ ನಡುವೆ ತೆರಪಿಲ್ಲ, ಪದ ಮುಗಿಯದಿದ್ದರೂ ಸಾಲು ಮುಗಿಯುತ್ತದೆ. ಓದಲು ಕಷ್ಟ, ನೋಡಲು ಮಾತ್ರ ಅತಿ ಸುಂದರ. ಈ ಕ್ರಮದಿಂದ ವಿದ್ವಾಂಸರಿಗೆ ದೊಡ್ಡ ಉಪಕಾರವೂ ಆಗಿದೆ. ಒಂದು ಸಾಲಿಗೆ ಎಷ್ಟು ಅಕ್ಷರ ಎಂಬುದು ಗೊತ್ತಾದರೆ, ಒಡೆದುಹೋದ ಭಾಗದಲ್ಲಿ ಎಷ್ಟು ಅಕ್ಷರಗಳಿದ್ದವು ಎಂದು ಲೆಕ್ಕ ಹಾಕಿ, ಕಳೆದುಹೋದ ಪದವನ್ನು ಊಹಿಸಬಹುದು.

ಇಡೀ ಸಂಗ್ರಹದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಅಥೆನ್ಸ್‌ನ ಕಪ್ಪಕಾಣಿಕೆಯ ಪಟ್ಟಿಯ ಮುಂದೆ. ಮೂರೂವರೆ ಮೀಟರಿಗೂ ಎತ್ತರದ ಈ ಅಮೃತಶಿಲೆಯ ಕಂಬ ಸುಮಾರು 180 ತುಣುಕುಗಳಿಂದ ಮತ್ತೆ ಕೂಡಿಸಿದ್ದು. ಪರ್ಷಿಯನ್ನರ ವಿರುದ್ಧ ಅಥೆನ್ಸ್ ಮತ್ತು ಅದರ ಮಿತ್ರ ನಗರಗಳು ಕಟ್ಟಿಕೊಂಡ ಒಕ್ಕೂಟದ ಖಜಾನೆ ಮೊದಲು ಡೀಲಾಸ್ ದ್ವೀಪದಲ್ಲಿತ್ತು. ಅದು ಅಥೆನ್ಸ್‌ಗೆ ಬಂದ ಮೇಲೆ, ಕ್ರಿ.ಪೂ. 454–453ರಿಂದ, ಪ್ರತಿ ನಗರ ಕೊಟ್ಟ ಹಣದ ಅರವತ್ತರಲ್ಲೊಂದು ಪಾಲನ್ನು ಅಥೀನಾ ದೇವಿಗೆ ಮೀಸಲಿಟ್ಟು, ಅದನ್ನು ವರ್ಷವರ್ಷವೂ ಕಲ್ಲಿನಲ್ಲಿ ದಾಖಲಿಸಿದರು. ಈ ಕಲ್ಲಿನ ನಾಲ್ಕೂ ಮುಖಗಳಲ್ಲಿ ಮೊದಲ ಹದಿನೈದು ವರ್ಷಗಳ ಪಟ್ಟಿ ಇದೆ. ಹಣದ ದೊಡ್ಡ ಮಾನವಾದ ಒಂದು ಟ್ಯಾಲೆಂಟಿಗೆ ಆರು ಸಾವಿರ ದ್ರಾಕ್ಮಾ. ಆದ್ದರಿಂದ ನೂರು ದ್ರಾಕ್ಮಾ ದೇವಿಯ ಪಾಲಿಗೆ ಬಂದಿದ್ದರೆ ಆ ನಗರ ಆ ವರ್ಷ ಒಂದು ಟ್ಯಾಲೆಂಟ್ ಕೊಟ್ಟಿದೆ ಎಂದು ಅರ್ಥ. ಈ ಸರಳ ಗುಣಾಕಾರದಿಂದ ಇಪ್ಪತ್ತನೆಯ ಶತಮಾನದ ಇತಿಹಾಸಕಾರರು ಏಜಿಯನ್ ಸಮುದ್ರದ ಸುತ್ತಣ ನೂರಾರು ಊರುಗಳ ಸ್ಥಿತಿಗತಿಯನ್ನು ಹೊರತೆಗೆದರು. ಪಟ್ಟಿಯಲ್ಲಿ ಊರುಗಳ ಹೆಸರು, ಪಕ್ಕದಲ್ಲಿ ಮೊತ್ತ. ವರ್ಷದ ತಲೆಬರಹ ಬಿಟ್ಟರೆ ಬೇರೆ ಹೆಚ್ಚೇನೂ ಇಲ್ಲ. ಸಂಖ್ಯೆಗಳನ್ನು ಬರೆದಿರುವುದು ಆಯಾ ಸಂಖ್ಯಾವಾಚಕದ ಮೊದಲ ಅಕ್ಷರದಿಂದ: ಹತ್ತಕ್ಕೆ ಡೆಲ್ಟಾ, ನೂರಕ್ಕೆ ಆಗಿನ ಹಕಾರದ ಗುರುತು. ಅದು ಗೊತ್ತಿದ್ದವರು, ಗ್ರೀಕ್ ವ್ಯಾಕರಣದ ಒಂದು ಪಾಠವೂ ಇಲ್ಲದೆ, ಈ ಕಲ್ಲನ್ನು ಓದಬಹುದು. ಭಾಷೆಯ ಹೊಸಿಲಲ್ಲಿ ನಿಂತವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ.

ಹಾಗೆಂದು ಇದು ಅಥೆನ್ಸ್‌ನ ಹೊಗಳಿಕೆಯ ಕಲ್ಲಲ್ಲ. ಮಿತ್ರರ ಹಣದ ಲೆಕ್ಕ ಇದು. ಸ್ವಾತಂತ್ರ್ಯದ ಹೆಸರಿನಲ್ಲಿ ಕಟ್ಟಿದ ಒಕ್ಕೂಟ ಹೇಗೆ ಸಾಮ್ರಾಜ್ಯವಾಯಿತು ಎಂಬುದನ್ನು ಅದೇ ಸಾಮ್ರಾಜ್ಯ ಸಾರ್ವಜನಿಕವಾಗಿ ಕೆತ್ತಿಸಿಟ್ಟಿದೆ. ಪ್ರಾಚೀನ ಗ್ರೀಸನ್ನು ಪ್ರಚಾರ ಮಾಡುವವರು ಪ್ರಜಾಪ್ರಭುತ್ವ ಮತ್ತು ತತ್ತ್ವಶಾಸ್ತ್ರದ ಮಾತಿನಲ್ಲೇ ನಿಂತುಬಿಡುವುದನ್ನು ನಾನು ಒಪ್ಪುವುದಿಲ್ಲ. ಈ ಸಂಗ್ರಹ ಹಾಗೆ ನಿಲ್ಲುವುದಿಲ್ಲ. ಎರೆಕ್ಥಿಯಾನ್ ದೇಗುಲ ಕಟ್ಟಿದ ಲೆಕ್ಕದ ತುಣುಕುಗಳಲ್ಲಿ, ಅಥೆನ್ಸ್‌ನ ಪ್ರಜೆಗಳು, ಹೊರಗಿನಿಂದ ಬಂದು ನೆಲೆಸಿದವರು ಮತ್ತು ಗುಲಾಮರು ಒಂದೇ ಕಂಬಕ್ಕೆ ಒಟ್ಟಿಗೆ ಗೆರೆ ಕೊರೆದದ್ದೂ ದಿನಗೂಲಿ ಒಂದು ದ್ರಾಕ್ಮಾ ಎಂಬುದೂ ಕಾಣುತ್ತದೆ. ಡ್ರೇಕೊ ಮಾಡಿದ ಕೊಲೆಯ ಕಾನೂನನ್ನು ಕ್ರಿ.ಪೂ. 409–408ರಲ್ಲಿ ಮತ್ತೆ ಕೆತ್ತಿಸಿದ ಕಲ್ಲೂ ಇಲ್ಲಿಯದೇ. ಕ್ರೌರ್ಯಕ್ಕೆ ಹೆಸರಾದ ಆ ಶಾಸಕನ ಕಾನೂನು ಇಲ್ಲಿ ಶುರುವಾಗುವುದು ಉದ್ದೇಶವಿಲ್ಲದೆ ಕೊಂದವನಿಂದ, ಅವನಿಗೆ ವಿಧಿಸಿರುವುದು ಗಡೀಪಾರು. ಸತ್ತವನ ಬಂಧುಗಳು ಕ್ಷಮಿಸಲೂ ಅವಕಾಶವಿದೆ.

ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲೀಸನ ನಿರ್ಣಯವೆಂದು ಕರೆಯುವ ಕಲ್ಲು ಇಲ್ಲಿಯ ಹೆಚ್ಚು ಪರಿಚಿತ ವಸ್ತು. ಪೆಲೊಪೊನೀಸ್‌ನ ಟ್ರೀಝೆನ್ ಎಂಬ ಊರಿನಲ್ಲಿ ದೊರೆತ ಇದನ್ನು ಮೈಕೆಲ್ ಜೇಮ್ಸನ್ 1960ರಲ್ಲಿ ಪ್ರಕಟಿಸಿದರು. ಕ್ರಿ.ಪೂ. 480ರಲ್ಲಿ ಪರ್ಷಿಯದ ಸೇನೆ ಬರುತ್ತಿದ್ದಾಗ ನಗರವನ್ನು ಅಥೀನಾ ದೇವಿಗೆ ಒಪ್ಪಿಸಿ, ಹೆಂಗಸರು ಮಕ್ಕಳನ್ನು ಟ್ರೀಝೆನ್‌ಗೂ ವೃದ್ಧರನ್ನು ಸಲಮಿಸ್‌ಗೂ ಕಳಿಸಿ, ಗಂಡಸರೆಲ್ಲರೂ ಇನ್ನೂರು ಹಡಗುಗಳನ್ನು ಹತ್ತಬೇಕು ಎಂಬ ಆದೇಶ ಅದರಲ್ಲಿದೆ. ಆದರೆ ಅಕ್ಷರಗಳ ರೂಪ ಕ್ರಿ.ಪೂ. 3ನೆಯ ಶತಮಾನದ್ದು. ಮೂಲದ ನಿಷ್ಠ ಪ್ರತಿಯೋ, ಮುಂದಿನವರು ರಚಿಸಿದ ದೇಶಭಕ್ತಿಯ ಪಠ್ಯವೋ ಎಂಬ ವಾದ ಪ್ರಕಟವಾದಂದಿನಿಂದ ನಡೆದಿದೆ. ನನ್ನ ಮಟ್ಟಿಗೆ ಕಲ್ಲಿನ ಬೆಲೆ ಈ ಸಂದೇಹದಿಂದ ಕುಗ್ಗುವುದಿಲ್ಲ. ಎರಡು ಶತಮಾನಗಳ ನಂತರವೂ ಆಶ್ರಯ ಕೊಟ್ಟ ಊರು ಆ ನೆನಪನ್ನು ಕಲ್ಲಿಗೆ ಇಳಿಸಿತು ಎಂಬುದಂತೂ ಖಚಿತ.

ಅಳಿಸಿದ ಬರಹವೂ ಓದಬೇಕಾದ ಬರಹವೇ ಎಂಬುದು ಅಥೆನ್ಸ್ ಕ್ರಿ.ಪೂ. 378–377ರಲ್ಲಿ ಹೊಸದಾಗಿ ಕಟ್ಟಿದ ಎರಡನೆಯ ಒಕ್ಕೂಟದ ಕಲ್ಲಿನಿಂದ ತಿಳಿಯುತ್ತದೆ. ಹಿಂದಿನ ಸಾಮ್ರಾಜ್ಯದ ತಪ್ಪುಗಳು ಮರುಕಳಿಸವು, ಕಪ್ಪವಿಲ್ಲ, ಕಾವಲುಪಡೆಯಿಲ್ಲ ಎಂದು ಅಥೆನ್ಸ್ ಅದರಲ್ಲಿ ಮಿತ್ರರಿಗೆ ಮಾತು ಕೊಟ್ಟಿದೆ. ಮಿತ್ರರ ಹೆಸರುಗಳು ಒಂದೊಂದಾಗಿ ಬೇರೆ ಬೇರೆ ಕೈಗಳಲ್ಲಿ ಸೇರುತ್ತಾ ಹೋಗಿವೆ. ಮೇಲ್ಭಾಗದ ಕೆಲವು ಸಾಲುಗಳನ್ನು ಮಾತ್ರ, ರಾಜಕೀಯ ಬದಲಾದ ಮೇಲೆ, ಉದ್ದೇಶಪೂರ್ವಕವಾಗಿ ಉಜ್ಜಿ ತೆಗೆದಿದ್ದಾರೆ. ಪೈರಿಯಸ್ ಬಂದರಿನ ನೌಕಾ ಉಗ್ರಾಣದ ವಿವರಣೆಯುಳ್ಳ ಕಲ್ಲನ್ನೂ ನೋಡದೆ ಬರಬಾರದು. ಕಟ್ಟಡದ ಅಳತೆಗಳನ್ನು ಅಷ್ಟು ನಿಖರವಾಗಿ ಕೊಟ್ಟಿರುವುದರಿಂದ, 1980ರ ದಶಕದ ಕೊನೆಯಲ್ಲಿ ಅದರ ಅಡಿಪಾಯ ಸಿಕ್ಕಾಗ ಪಠ್ಯವನ್ನೂ ನೆಲವನ್ನೂ ತಾಳೆ ನೋಡಲು ಸಾಧ್ಯವಾಯಿತು.

ಭಾಷೆಯ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಈ ಮಹಾನಿರ್ಣಯಗಳಷ್ಟೇ ಮುಖ್ಯವಾದವು ಸಣ್ಣಪುಟ್ಟ ಸಮಾಧಿಕಲ್ಲುಗಳು ಮತ್ತು ಹರಕೆಯ ಕಲ್ಲುಗಳು. ಕೆತ್ತುವವನು ತಾನು ಉಚ್ಚರಿಸಿದಂತೆಯೇ ಕೆತ್ತಿ ಕಾಗುಣಿತ ತಪ್ಪಿದಾಗ, ಎರಡು ಸ್ವರಗಳ ನಡುವಿನ ಭೇದ ಜನರ ಬಾಯಲ್ಲಿ ಅಳಿದಿದೆ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಹಲವು ಬೇರೆ ಬೇರೆ ಸ್ವರಗಳು ಇಂದಿನ ಗ್ರೀಕ್‌ನಲ್ಲಿ ಒಂದೇ ಇಕಾರವಾಗಿರುವ ದೀರ್ಘ ಕಥೆಯನ್ನು ವಿದ್ವಾಂಸರು ಕಟ್ಟಿಕೊಂಡದ್ದು ಬಹುಮಟ್ಟಿಗೆ ಇಂತಹ ತಪ್ಪುಗಳಿಂದಲೇ.

ಸಿದ್ಧತೆಯಿಲ್ಲದೆ ಹೋದವರಿಗೆ ಇಲ್ಲಿ ಕಾಣುವುದು ಬೂದುಬಣ್ಣದ ಕಲ್ಲುಗಳ ಸಾಲು ಮಾತ್ರ, ಇದನ್ನು ಮುಚ್ಚಿಡಬಾರದು. ಶಿಲ್ಪವನ್ನು ಬಯಸುವವರಿಗೆ ಕೆಲವು ಫಲಕಗಳ ನೆತ್ತಿಯ ಉಬ್ಬುಚಿತ್ರಗಳ ಹೊರತು ಹೆಚ್ಚೇನೂ ದೊರೆಯದು. ಹೊರಡುವ ಮುನ್ನ ಗ್ರೀಕ್‌ನ ದೊಡ್ಡಕ್ಷರಗಳನ್ನಾದರೂ ಕಲಿತಿರಬೇಕು; ಕಲ್ಲುಗಳ ಮೇಲೆ ಸಣ್ಣಕ್ಷರಗಳೂ ಇಲ್ಲ, ಸ್ವರಚಿಹ್ನೆಗಳೂ ಇಲ್ಲ, ಆದ್ದರಿಂದ ಹೊರೆ ಕಡಿಮೆ. ನಿರ್ಣಯಗಳ ತಲೆಯ ಮೇಲೆ ಬಿಡಿಬಿಡಿಯಾಗಿ ಕೆತ್ತಿರುವ ‘ಥೆಯೊಯ್’ ಎಂಬ ದೇವತೆಗಳ ಸ್ಮರಣೆಯನ್ನೂ, ‘ಸಮಿತಿಗೂ ಪ್ರಜೆಗಳಿಗೂ ಹೀಗೆ ತೋರಿತು’ ಎಂಬ ಆರಂಭದ ವಾಕ್ಯವನ್ನೂ ಗುರುತಿಸಲು ಕಲಿತರೆ, ಕಲ್ಲಿನ ನಂತರ ಕಲ್ಲು ತಾನಾಗಿ ತೆರೆದುಕೊಳ್ಳುತ್ತದೆ. ಸ್ಟೀಫನ್ ಲ್ಯಾಂಬರ್ಟ್ 2012ರಲ್ಲಿ ಆರಂಭಿಸಿದ ‘ಆಟಿಕ್ ಇನ್‌ಸ್ಕ್ರಿಪ್ಷನ್ಸ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಅಥೆನ್ಸ್‌ನ ಶಾಸನಗಳ ಇಂಗ್ಲಿಷ್ ಅನುವಾದಗಳು ಉಚಿತವಾಗಿ ಸಿಗುತ್ತವೆ. ಮೇಲೆ ಹೇಳಿದ ನಿರ್ಣಯಗಳಲ್ಲಿ ನಾಲ್ಕೈದನ್ನು ಮೊದಲೇ ಓದಿಕೊಂಡು ಹೋಗುವವರ ಅನುಭವವೇ ಬೇರೆ. ಸವೆದ ಅಕ್ಷರವನ್ನು ಎದುರಿನಿಂದ ನೋಡುವುದಕ್ಕಿಂತ ಬೆಳಕು ಓರೆಯಾಗಿ ಬೀಳುವ ಬದಿಯಿಂದ ನೋಡುವುದು ಒಳ್ಳೆಯದು. ಶಾಸನದ ಪಡಿಯಚ್ಚು ತೆಗೆಯುವವರಿಗೆ ಇದು ಹಳೆಯ ಪಾಠ.

ಒಂದೇ ದಿನದಲ್ಲಿ ಪಕ್ಕದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಸೇರಿಸಿಕೊಂಡರೆ ಭಾಷೆಯ ಚಿತ್ರ ಪೂರ್ತಿಯಾಗುತ್ತದೆ. ದಕ್ಷಿಣ ಗ್ರೀಸ್‌ನ ಪೈಲಾಸ್‌ನಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳು ಅಲ್ಲಿವೆ; ಅವುಗಳ ಮೇಲಿನ ಕಂಚಿನ ಯುಗದ ಲೀನಿಯರ್ ಬಿ ಲಿಪಿಯನ್ನು ಮೈಕಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದಾಗ, ಅದು ಗ್ರೀಕ್ ಎಂದು ತಿಳಿದು, ಭಾಷೆಯ ಲಿಖಿತ ಚರಿತ್ರೆ ಹಲವು ಶತಮಾನ ಹಿಂದಕ್ಕೆ ಸರಿಯಿತು. ಕ್ರಿ.ಪೂ. 740ರ ಆಸುಪಾಸಿನ ಡಿಪಿಲಾನ್ ಹೂಜಿಯೂ ಅಲ್ಲಿದೆ. ಕುಣಿಯುವವರಲ್ಲಿ ಎಲ್ಲರಿಗಿಂತ ಲವಲವಿಕೆಯಿಂದ ಕುಣಿಯುವವನನ್ನು ಕುರಿತ ಒಂದು ಸಾಲು ಅದರ ಭುಜದ ಮೇಲೆ, ಹೋಮರನದೇ ಛಂದಸ್ಸಿನಲ್ಲಿ, ಬಲದಿಂದ ಎಡಕ್ಕೆ ಗೀಚಲ್ಪಟ್ಟಿದೆ. ವರ್ಣಮಾಲೆಯಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರೀಕ್ ಬರಹಗಳ ಸಾಲಿಗೆ ಇದು ಸೇರುತ್ತದೆ.

ಕವಿ ದಿಯೊನಿಸಿಯೊಸ್ ಸೊಲೊಮೊಸ್ ತೀರಿಕೊಂಡ ಫೆಬ್ರವರಿ 9ನ್ನು ಗ್ರೀಸ್ 2017ರಲ್ಲಿ ಗ್ರೀಕ್ ಭಾಷಾದಿನವೆಂದು ಗೊತ್ತುಮಾಡಿತು. ಅಂತಹ ದಿನಾಚರಣೆಗಳು ಬೇಕು. ಆದರೆ ಭಾಷಣದಲ್ಲಿ ಕೇಳಿದ ‘ಮೂರು ಸಾವಿರ ವರ್ಷಗಳ ಪರಂಪರೆ’ ಎಂಬ ಮಾತು ಮನಸ್ಸಿಗೆ ಇಳಿಯಬೇಕಾದರೆ ಇಂತಹ ಸಂಗ್ರಹಕ್ಕೆ ಬರಬೇಕು. ಭಾಷಾವಿದ್ಯಾರ್ಥಿಗಳು, ಇತಿಹಾಸದ ಅಧ್ಯಾಪಕರು, ಲಿಪಿಗಳಲ್ಲಿ ಒಲವಿರುವವರು ಇಲ್ಲಿಗೆ ಅರ್ಧ ದಿನವನ್ನು ಧಾರಾಳವಾಗಿ ಮೀಸಲಿಡಲಿ. ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ಮೊದಲು ರಾಷ್ಟ್ರೀಯ ವಸ್ತುಸಂಗ್ರಹಾಲಯವೇ ಸರಿ. ಕೈಯಲ್ಲಿ ಒಂದು ಗಂಟೆ ಮಾತ್ರ ಇದ್ದವರು ಉಳಿದೆಲ್ಲವನ್ನೂ ಬಿಟ್ಟು ನೇರವಾಗಿ ಕಪ್ಪಕಾಣಿಕೆಯ ಪಟ್ಟಿಯ ಬಳಿಗೆ ಹೋಗಿ, ನಾಲ್ಕೂ ಮುಖಗಳನ್ನು ಸುತ್ತಿ ಬಂದು, ಪರಿಚಿತವಾದ ಒಂದು ಊರಿನ ಹೆಸರನ್ನಾದರೂ ತಾವೇ ಹುಡುಕಿ ಓದಲಿ.