ದುರ್ಗಿಗುಡಿಯ ಭಾನುವಾರದ ಲ್ಯಾಟಿನ್ ಪಾಠ

ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದೇನೆ. ಜಾಮೀನು ಅರ್ಜಿಗಳಲ್ಲಿ 'ಮೆನ್ಸ್ ರಿಯಾ' ಅಂತ ಎಷ್ಟು ಸಲ ಹೊಡೆದೆನೋ ಲೆಕ್ಕವಿಲ್ಲ. ಅರ್ಥ ಗೊತ್ತಿರಲಿಲ್ಲ, ಕೇಳಲು ಸಂಕೋಚ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿವೃತ್ತ ವಕೀಲರೊಬ್ಬರು ಮನೆಯಲ್ಲೇ ಕಾನೂನಿನ ಇಂಥ ಲ್ಯಾಟಿನ್ ಪದಗಳ ಪಾಠ ಮಾಡುತ್ತಾರೆ ಅಂತ ತಿಳಿದು ಸೇರಿದೆ. ಆರು ಭಾನುವಾರ, 600 ರೂಪಾಯಿ.

ಮೊದಲ ದಿನ ನನ್ನನ್ನೇ ಕೇಳಿದರು. "ಮೇಡಂ, ಅಡಿಕೆ ಮಂಡಿಯಲ್ಲಿ ನಿಮ್ಮದು ಅಂದುಕೊಂಡು ಪಕ್ಕದವರ ಮೂಟೆ ಗಾಡಿಗೆ ಹಾಕಿಸಿದಿರಿ. ಕಳ್ಳತನ ಆಯ್ತಾ?" ಇಲ್ಲ ಅಂದೆ. "ಯಾಕೆ? ಮೂಟೆ ಹೋಗಿದೆ ಅಲ್ವಾ?" ಮೂಟೆ ಒಯ್ದಿದ್ದು ಆಕ್ಟಸ್ ರಿಯಸ್, ಅಂದರೆ ಕೃತ್ಯ. ಕದಿಯುವ ಮನಸ್ಸು ಮೆನ್ಸ್ ರಿಯಾ. ಇಲ್ಲಿ ಆ ಮನಸ್ಸೇ ಇಲ್ಲ. 1860ರ ದಂಡ ಸಂಹಿತೆಯಲ್ಲಿ ಈ ಲ್ಯಾಟಿನ್ ಪದ ಎಲ್ಲೂ ಬರುವುದಿಲ್ಲವಂತೆ. ಅಪ್ರಾಮಾಣಿಕ ಉದ್ದೇಶ ಅಂತ ನೇರವಾಗಿ ಹೇಳಿದ್ದಾರೆ. ಕಳ್ಳತನದ 378ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 303 ಆಗಿದೆ, ಆ ಮಾತು ಮಾತ್ರ ಹಾಗೇ ಉಳಿದಿದೆ.

ನನಗೆ ಜಾಸ್ತಿ ಇಷ್ಟವಾದದ್ದು 'ಅಲಿಬಿ' ಪಾಠ. ಲ್ಯಾಟಿನ್‌ನಲ್ಲಿ 'ಬೇರೆ ಕಡೆ' ಅಂತ ಅರ್ಥ. 1872ರ ಸಾಕ್ಷ್ಯ ಕಾಯ್ದೆಯಲ್ಲಿ, ಕಲ್ಕತ್ತಾದಲ್ಲಿ ಅಪರಾಧ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಅನ್ನುವ ಉದಾಹರಣೆ ಇತ್ತು. ಸರ್ ಅದನ್ನು ಬಿಟ್ಟು ನಮ್ಮನ್ನು ಮಾತಿನಲ್ಲೇ ಶರಾವತಿ ಹಿನ್ನೀರಿನಾಚೆಯ ಸಿಗಂದೂರಿಗೆ ಕರೆದೊಯ್ದರು. 2025ರಲ್ಲಿ ಸೇತುವೆ ಆಗುವ ಮುಂಚಿನ ಮಾತು. ಒಬ್ಬ ಕೊನೆಯ ಲಾಂಚ್ ಹತ್ತಿ ಆಚೆ ದಡಕ್ಕೆ ಹೋದ, ಅದೇ ರಾತ್ರಿ ಸಾಗರದಲ್ಲಿ ಕಳ್ಳತನ. ಅವನು ಹೇಗೆ ಬಂದಾನು? ಹೊಸನಗರದ ಹುಡುಗನೊಬ್ಬ ಎದ್ದು, "ನಿಟ್ಟೂರಿನ ಮೇಲೆ ರಸ್ತೆ ಇದೆಯಲ್ಲ ಸರ್" ಅಂದ. ಸರ್‌ಗೆ ಎಷ್ಟು ಖುಷಿ! ಬೇರೆ ಕಡೆ ಇದ್ದೆ ಅಂದರೆ ಸಾಲದು, ಆ ಹೊತ್ತಿಗೆ ಇಲ್ಲಿಗೆ ಬರಲು ಆಗುತ್ತಲೇ ಇರಲಿಲ್ಲ ಅಂತ ಆರೋಪಿಯೇ ತೋರಿಸಬೇಕು ಅಂತ ಬಿಡಿಸಿ ಹೇಳಿದರು.

'ಕಾರ್ಪಸ್ ಡೆಲಿಕ್ಟೈ' ಅಂದರೆ ಹೆಣ ಅಂದುಕೊಂಡಿದ್ದೆ. ಅಲ್ಲ, ಅಪರಾಧ ನಡೆದಿದೆ ಅನ್ನುವುದಕ್ಕೆ ಆಧಾರ. ಹೆಣ ಸಿಗದಿದ್ದರೂ ಬೇರೆ ಸಾಕ್ಷ್ಯ ಗಟ್ಟಿಯಿದ್ದರೆ ಕೊಲೆ ಕೇಸಿನಲ್ಲಿ ಶಿಕ್ಷೆ ಆಗಬಹುದು.

ಕೊರತೆಯೂ ಇದೆ. ಕೊನೆಯ ವಾರ ಒಂಬತ್ತು ಪದ ಒಂದೇ ಗಂಟೆಯಲ್ಲಿ ಓಡಿಸಿದರು. ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವ 'ಹೇಬಿಯಸ್ ಕಾರ್ಪಸ್'ಗೆ ಸಿಕ್ಕಿದ್ದು ಐದೇ ನಿಮಿಷ. ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿದೆ. ಬಾಯಲ್ಲಿ ಇಷ್ಟು ಚೆಂದದ ಕನ್ನಡ ಇಟ್ಟುಕೊಂಡು ಹಾಳೆಯಲ್ಲಿ ಯಾಕೆ ಇಂಗ್ಲಿಷ್? ಆದರೂ ಕಾನೂನು ಓದುವ ಮಕ್ಕಳು, ನನ್ನಂಥ ಟೈಪಿಸ್ಟರು, ಗುಮಾಸ್ತರು ಖಂಡಿತ ಸೇರಬಹುದು.

ಕನ್ನಡದಲ್ಲಿ ನೋಟ್ಸ್ ಬೇಕು ಅಂತ ಸರ್‌ಗೆ ಹೇಳಿದೆ. "ನಾನು ಹೇಳ್ತೀನಿ, ನೀವು ಟೈಪ್ ಮಾಡ್ತೀರಾ?" ಅಂದರು. ನಾಲ್ಕು ಪುಟ ಮುಗಿದಿದೆ.